ಖಂಡಪ್ಪನ ಗೇಟಿಗೆ ಸುಣ್ಣದ ನಾಣ್ಯ

ನಮ್ಮಣ್ಣ ಖಂಡಪ್ಪನ ಮನೆಯಲ್ಲಿ ಮುಚ್ಚಳ ಹಾಕಿದ ಯಂತ್ರ ಒಂದೂ ಇಲ್ಲ. ಗೋಡೆ ಗಡಿಯಾರದ ಬೆನ್ನು ಬಯಲು, ಮಿಕ್ಸರಿನ ಹೊಟ್ಟೆ ಬಯಲು. ಅತ್ತಿಗೆ ಮಾನಮ್ಮನ ಹೊಲಿಗೆ ಯಂತ್ರವಂತೂ ಅವರ ಮದುವೆಯಾದಾಗಿನಿಂದ ಹಲ್ಲು, ಚಕ್ರ ಎಲ್ಲ ತೋರಿಸಿಕೊಂಡೇ ಕೂತಿದೆ. ಅವು ಕೆಟ್ಟಿವೆಯೆಂದು ಬಿಚ್ಚಿದ್ದಲ್ಲ. ಒಳಗೆ ಹೇಗೆ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ತಡವಿಲ್ಲದೆ ತೋರಿಸಲು ಬರಬೇಕು, ಅಷ್ಟೇ ಕಾರಣ. ಯಾರೂ ಕೇಳುವುದಿಲ್ಲ. ಕೇಳದಿದ್ದರೂ ತೋರಿಸುತ್ತಾನೆ. ಒಮ್ಮೆ ಹುಣಸಗಿಯಿಂದ ಸುರಪುರಕ್ಕೆ ಬರುವ ಬಸ್ಸಿನಲ್ಲಿ ಕಂಡಕ್ಟರನ ಟಿಕೆಟ್ ಯಂತ್ರ ನಿಂತುಹೋಯಿತು. ಅಣ್ಣ ಅದನ್ನು ಇಸಿದುಕೊಂಡು ಬಿಚ್ಚಿ ಸರಿಮಾಡಿದ. ಅಲ್ಲಿಗೆ ಬಿಡಬಾರದೇ? ಸುರಪುರ ಬರುವ ತನಕ ಇಡೀ ಬಸ್ಸಿಗೆ ಅದರ ಕರುಳು ಬಗೆದು ತೋರಿಸಿದ. ನಾನು ಪಕ್ಕದ ಸೀಟಿನಲ್ಲಿದ್ದೆ. ಈ ಮನುಷ್ಯ ಯಾರೋ ಏನೋ ಎನ್ನುವ ಹಾಗೆ ಕಿಟಕಿಯಾಚೆಯ ಭತ್ತದ ಗದ್ದೆ ನೋಡುತ್ತ ಕೂತೆ.

ನಾನು ಪಂಚಶೀಲಾ, ಅವನ ಒಬ್ಬಳೇ ತಂಗಿ. ಸುರಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಮಂದಿಯೆಲ್ಲ ಹೇಳುತ್ತಾರೆ. ಅಣ್ಣನ ಪಾಲಿನ ಸಿಟ್ಟನ್ನೂ ನಾನೇ ಮಾಡಬೇಕಾಗುತ್ತದೆ, ಏನು ಮಾಡಲಿ? ಅವನಿಗೆ ಸಿಟ್ಟೂ ಬರುವುದಿಲ್ಲ, ಅವನ ಹೊಟ್ಟೆಯಲ್ಲಿ ಗುಟ್ಟೂ ನಿಲ್ಲುವುದಿಲ್ಲ. ಇಂಥವನಿಗೆ ಪೇಟೆಂಟ್ ಮಾಡಿಸುತ್ತೇನೆ ಎಂದು ಹೊರಟವಳು ನಾನು.

ಶಹಾಪುರದಲ್ಲಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅಣ್ಣನ ತಗಡಿನ ಅಂಗಡಿ ಇದೆ. ಫಿಲ್ಟರ್ ನೀರಿನ ಪ್ಲಾಂಟುಗಳ ನಾಣ್ಯದ ಡಬ್ಬಿ ದುರಸ್ತಿ ಮಾಡುವುದು ಅವನ ಕಸುಬು. ನಮ್ಮ ಕಡೆ ಊರೂರಿಗೂ ಈ ಪ್ಲಾಂಟುಗಳಿವೆ. ಡಬ್ಬಿಯ ಬಾಯಿಗೆ ಐದು ರೂಪಾಯಿ ನಾಣ್ಯ ಹಾಕಿದರೆ ನಲ್ಲಿಯಿಂದ ಒಂದು ಕ್ಯಾನು ಕುಡಿಯುವ ನೀರು ಬರುತ್ತದೆ. ಬರಬೇಕು. ಆದರೆ ಡಬ್ಬಿಯೊಳಗಿನ ಕಣ್ಣು ಕರೆಂಟಿನ ಕಣ್ಣು. ಕರೆಂಟು ಹೋದರೆ ಅದು ಕುರುಡು. ಬೇಸಿಗೆಯಲ್ಲಿ ಕರೆಂಟು ಯಾವಾಗ ಇರುತ್ತದೆ ಎನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಮೇಲೆ ಟಾಕಿಯ ತುಂಬ ನೀರು, ಕೆಳಗೆ ನಾಣ್ಯ ಹಿಡಿದು ನಿಂತ ಹೆಂಗಸರು, ನಡುವೆ ಸತ್ತ ಡಬ್ಬಿ. ಅಣ್ಣನಿಗೆ ಜನ್ಮದಲ್ಲಿ ಸಿಟ್ಟು ಬಂದದ್ದೆಂದರೆ ಇದೊಂದೇ ನೋಟಕ್ಕೆ.

ಹಾಗಾಗಿ ಕರೆಂಟು ಬೇಡದ ಒಂದು ನಾಣ್ಯದ ಡಬ್ಬಿ ಮಾಡಿದ, ಅದನ್ನು ಗೇಟು ಎಂದು ಕರೆದ. ನಾಣ್ಯ ಸಣ್ಣ ಇಳಿಜಾರಿನಲ್ಲಿ ಉರುಳಿ ಬಂದು ಒಂದು ಹಿತ್ತಾಳೆಯ ನಾಲಿಗೆಯ ಮೇಲೆ ಕೂರುತ್ತದೆ. ಆ ನಾಲಿಗೆ ಅಕ್ಕಸಾಲಿಗರ ತಕ್ಕಡಿಯ ಹಾಗೆ ಸೂಕ್ಷ್ಮ. ತೂಕ ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಸರಿಯಿದ್ದರೆ ಮಾತ್ರ ಬಾಗುತ್ತದೆ, ಬಾಗಿದಾಗ ತಂತಿ ಎಳೆದು ನೀರಿನ ವಾಲ್ವು ತೆರೆಯುತ್ತದೆ. ವಾಶರ್ರು, ಚಪ್ಪಟೆ ಮಾಡಿದ ತಗಡು, ಇನ್ನೇನೋ ಹಾಕಿದರೆ ನಾಲಿಗೆ ಜಪ್ಪಯ್ಯ ಅನ್ನುವುದಿಲ್ಲ, ಹಾಕಿದ್ದು ಕೆಳಗಿನ ತಟ್ಟೆಗೆ ವಾಪಸು. ಅಷ್ಟೇ. ನನ್ನ ಹತ್ತನೇ ತರಗತಿಯ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಅದನ್ನು ಸರಳ ಮಾಡುವುದಕ್ಕೆ ಅಣ್ಣನಿಗೆ ವರ್ಷಗಟ್ಟಲೆ ಹಿಡಿಯಿತು. ಮಾನಮ್ಮ ಅತ್ತಿಗೆಯ ಹಿತ್ತಾಳೆ ಚಮಚಗಳು ಒಂದೊಂದಾಗಿ ಮಾಯವಾದವು.

ಈ ಡಬ್ಬಿಗಳ ಮೇಲೆ ನಿನಗೆ ಯಾಕಿಷ್ಟು ಮೋಹ ಎಂದು ಒಮ್ಮೆ ಕೇಳಿದ್ದೆ. ಎರಡು ತಾಸಿನ ವಿವರಣೆ ಬರುತ್ತದೆಂದು ಅಂಜಿಯೇ ಕೇಳಿದ್ದೆ. ಆದರೆ ಅವನು ಒಂದೇ ಮಾತು ಹೇಳಿದ.

"ಗೇಟು ರೊಕ್ಕ ನೋಡ್ತದ ಪಂಚಿ. ಕೈ ನೋಡಂಗಿಲ್ಲ."

ನಮ್ಮೂರು ಯಾದಗಿರಿ ತಾಲೂಕಿನ ರಾಮಸಮುದ್ರ. ನಾನು ಚಿಕ್ಕವಳಿದ್ದಾಗ ಊರಲ್ಲಿ ಸಿಹಿನೀರಿನ ಬಾವಿ ಒಂದೇ ಇತ್ತು, ಅದೂ ಊರಿನ ಜಮೀನುದಾರರಾದ ದೊಡ್ಡ ಹೊಲಮನೆಯವರದು. ನಮ್ಮವ್ವ ಕೊಡ ಹಿಡಿದು ಬಾವಿಯ ಕಟ್ಟೆಯಿಂದ ದೂರ ನಿಲ್ಲುತ್ತಿದ್ದಳು. ಕಟ್ಟೆ ಹತ್ತುವ ಹಾಗಿಲ್ಲ, ಹಗ್ಗ ಮುಟ್ಟುವ ಹಾಗಿಲ್ಲ. ಆ ಮನೆಯವರು ಯಾರಾದರೂ ಬಂದು ಸೇದಿ ಮೇಲಿನಿಂದ ಸುರಿಯಬೇಕು. ಬಹಳ ಸಲ ಹಾಗೆ ಸುರಿಯುತ್ತಿದ್ದವಳು ಆ ಮನೆಯ ಎಳೆಯ ಸೊಸೆ ಗೊಲ್ಲಾಳಮ್ಮ. ಅವಳು ಸುರಿಯುವ ಎತ್ತರಕ್ಕೆ ಅರ್ಧ ನೀರು ಕೊಡಕ್ಕೆ, ಅರ್ಧ ನೀರು ಅವ್ವನ ಮೈಗೆ. ಅವ್ವನ ತೊಯ್ದ ಸೆರಗು ಹಿಡಿದುಕೊಂಡು ಮನೆಗೆ ನಡೆದದ್ದು ನನಗೆ ಇವತ್ತಿಗೂ ನೆನಪಿದೆ. ಅಣ್ಣನಿಗೂ ನೆನಪಿದೆ, ಆದರೆ ಬೇರೆ ಥರ. ಉಳಿದವರು ಬಿಸಿಲಲ್ಲಿ ಕಾಯಿಸುತ್ತಿದ್ದರಂತೆ, ಗೊಲ್ಲಾಳಮ್ಮ ಬಂದರೆ ಬೇಗ ಸುರಿಯುತ್ತಿದ್ದಳಂತೆ. ಒಂದೇ ಬಾವಿ, ಒಂದೇ ಹೆಂಗಸು, ನಮ್ಮಿಬ್ಬರಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ.

ಇನ್ನೊಂದು ವಿಷಯ ಇಲ್ಲಿ ಹೇಳಬೇಕು. ಆ ಬಾವಿಯಿಂದ ಹೊಲಕ್ಕೆ ನೀರೆತ್ತುವ ತೊಗಲಿನ ಚೀಲ ಹೊಲಿಯುತ್ತಿದ್ದವನು ನಮ್ಮ ಮುತ್ಯಾ, ಅಪ್ಪನ ಅಪ್ಪ. ಒಂದು ಹನಿ ಸೋರದ ಚೀಲ ಎಂದು ಸುತ್ತ ಹಳ್ಳಿಗಳಲ್ಲಿ ಮಾತಿತ್ತು. ಚೀಲದ ಮಾತಿತ್ತು, ಮುತ್ಯಾನ ಮಾತಿರಲಿಲ್ಲ. ಹೊಲಮನೆಯವರ ಚೀಲ ಎಂದೇ ಎಲ್ಲರೂ ಅನ್ನುತ್ತಿದ್ದರು. ಮುತ್ಯಾನಿಂದ ನಮ್ಮ ಮನೆಗೆ ಬಂದ ಆಸ್ತಿ ಎಂದರೆ ಒಂದು ಪದ್ಧತಿ. ಹೊಸದಾಗಿ ಏನು ಮಾಡಿದರೂ ಮೊದಲನೆಯದನ್ನು ಮಾರಬಾರದು, ಊರಿಗೆ ಕೊಡಬೇಕು. ಅಪ್ಪ ಹೊಲಿದ ಮೊದಲ ಜೋಡು ಚಪ್ಪಲಿಯೂ ಹಾಗೆ ಯಾರದೋ ಕಾಲಿಗೆ ಪುಕ್ಕಟೆ ಹೋಯಿತು.

ಅಣ್ಣನೂ ಬಿಡಲಿಲ್ಲ. ಮೊದಲ ಗೇಟನ್ನು ರಾಮಸಮುದ್ರದ ಪ್ಲಾಂಟಿಗೆ ಕೊಟ್ಟ. ನಮ್ಮ ಕಡೆ ಕೊಟ್ಟದ್ದರ ಮೇಲೆ ಹೆಸರು ಬರೆಸದಿದ್ದರೆ ಕೊಟ್ಟಂತಲ್ಲ. ಗುಡಿಯ ಫ್ಯಾನಿನ ಮೂರು ರೆಕ್ಕೆಗೆ ಮೂರು ಹೆಸರು, ತಿರುಗುವಾಗ ಒಂದೂ ಓದಲಿಕ್ಕೆ ಬರುವುದಿಲ್ಲ, ಆದರೂ ಬರೆಸುತ್ತಾರೆ. ಟ್ಯೂಬ್‌ಲೈಟಿಗೆ ಬರೆಸಿದರೆ ಬೆಳಕಿಗಿಂತ ಹೆಸರೇ ಜಾಸ್ತಿ. ಅಣ್ಣ ಡಬ್ಬಿಯ ಮೇಲೆ ಪೇಂಟರನ್ನು ಕರೆದು ಕೆಂಪು ಅಕ್ಷರದಲ್ಲಿ ಬರೆಸಿದ: ಖಂಡಪ್ಪ, ಶಹಾಪುರ, ಇವರ ಸೇವೆ. ಕೆಳಗೆ ತಾರೀಖು. ಬಾಬಾಸಾಹೇಬರ ಜಯಂತಿಯ ದಿನ ಊರವರ ಮುಂದೆ ಟೇಪು ಕತ್ತರಿಸಿದರು. ಪಂಚಾಯಿತಿಯ ನೀರುಗಂಟಿ ತಿಮ್ಮಣ್ಣ ಟೇಪು ಕತ್ತರಿಸುವ ತನಕದ್ದನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದ. ಅವತ್ತು ನಾನೂ ಇದ್ದೆ. ಕೆಂಪು ಅಕ್ಷರದ ಆ ಹೆಸರನ್ನು ಮತ್ತೆ ಮತ್ತೆ ಓದಿದೆ. ನಮ್ಮ ಮನೆತನದವರ ಹೆಸರು ಆ ಊರಲ್ಲಿ ಒಂದು ವಸ್ತುವಿನ ಮೇಲೆ ಕೂತದ್ದು ಅದೇ ಮೊದಲು. ನನಗೆ ಅಳು ಬಂತು, ಬಂತು ಅಂತಲೇ ಹೇಳುತ್ತೇನೆ.

ಟೇಪು ಕತ್ತರಿಸಿದ ಮೇಲೆ ಹೆಂಗಸರು ಸಾಲಾಗಿ ಬಂದು ನಾಣ್ಯ ಹಾಕಿದರು. ನಡುವೆ ಗೊಲ್ಲಾಳಮ್ಮನ ಪಾಳಿ ಬಂತು. ಈಗ ಮುದುಕಿ, ಗಂಡ ತೀರಿಹೋಗಿದ್ದಾನೆ, ಬಾವಿಯಲ್ಲಿ ಕಸ ತುಂಬಿದೆ, ಎಲ್ಲರ ಹಾಗೆ ಅವಳೂ ಸಾಲಿನಲ್ಲಿ ನಿಲ್ಲುತ್ತಾಳೆ. ಸೊಂಟದ ಸಂಚಿಯಿಂದ ನಾಣ್ಯ ತೆಗೆದು ಹಾಕಿದಳು. ಸಂಚಿ ಎಂದರೆ ಗೊತ್ತಲ್ಲ, ಎಲೆ, ಅಡಿಕೆ, ಸುಣ್ಣ, ರೊಕ್ಕ ಎಲ್ಲ ಒಂದೇ ಕಡೆ ಇರುವ ಬಟ್ಟೆಯ ಚೀಲ. ಗೇಟು ಅವಳ ನಾಣ್ಯವನ್ನು ಕೆಳಗಿನ ತಟ್ಟೆಗೆ ದಬ್ಬಿತು. ಮತ್ತೆ ಹಾಕಿದಳು, ಮತ್ತೆ ದಬ್ಬಿತು. ಬೇರೆ ನಾಣ್ಯ ಹಾಕಿದಳು, ಅದೂ ವಾಪಸು.

"ನಿನ್ನ ಗೇಟು ನನ್ನ ರೊಕ್ಕ ಮುಟ್ಟವಲ್ದಲ್ಲೋ ಖಂಡ್ಯಾ" ಅಂದಳು.

ಸುಳ್ಳು ಯಾಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಟ್ಟುವುದಿಲ್ಲ ಅಂದರೆ ಹೇಗಿರುತ್ತದೆ ಎಂದು ಆ ಮನೆಯವರಿಗೂ ಒಂದು ದಿನ ಗೊತ್ತಾಗಲಿ. ಆದರೆ ಅಣ್ಣನ ಮುಖ ಸಣ್ಣದಾಯಿತು. ಯಾರದಾದರೂ ಒಳ್ಳೇ ರೊಕ್ಕವನ್ನು ಒಲ್ಲೆ ಅನ್ನುವ ಗೇಟು ಗೇಟೇ ಅಲ್ಲ ಎನ್ನುವುದು ಅವನ ಲೆಕ್ಕ. ಅಲ್ಲೇ ಮುಚ್ಚಳ ಬಿಚ್ಚಿ ನೋಡಿದ. ನಾಣ್ಯದ ಮೇಲೆ ಒಣಗಿದ ಸುಣ್ಣ ಹಿಡಿದು ತೂಕ ಹೆಚ್ಚಾಗಿತ್ತು, ನಾಲಿಗೆ ಅದನ್ನು ಖೋಟಾ ಎಂದು ತಿಳಿದಿತ್ತು. ಅವನು ನೋಡುತ್ತಿರುವಾಗಲೇ ಗೊಲ್ಲಾಳಮ್ಮ ಆ ನಾಣ್ಯ ತೆಗೆದು, ಡಬ್ಬಿಯ ಬಾಯಿಯ ತಗಡಿನ ಅಂಚಿಗೆ ಕರಕರ ಉಜ್ಜಿ, ಆಮೇಲೆ ಹಾಕಿದಳು. ನೀರು ಬಂತು. ಕೊಡ ತುಂಬುವ ತನಕ ಅಣ್ಣನಿಗೆ ಬುದ್ಧಿ ಹೇಳಿದಳು.

"ಮಾರಿ ತೊಳ್ಕೊಳ್ಳಾಕ ಬಿಡದ ಗುರುತು ಹಿಡಿ ಅಂದ್ರ ಯಾರಿಗೆ ಸಿಗ್ತದೋ? ಮೊದ್ಲ ಒರಸು, ಆಮ್ಯಾಲ ತೂಗು. ನಿನ್ನ ಗೇಟು ಉಲ್ಟಾ ಮಾಡ್ಲಿಕತ್ತದ."

ಅಣ್ಣ ಅಂಗಡಿಗೆ ಬಂದು ಮತ್ತೆ ಕೆಲಸಕ್ಕೆ ಕೂತ. ಈ ಸಲ ಇಳಿಜಾರಿಗೆ ಗರಗಸದ ಹಲ್ಲಿನ ಹಾಗೆ ಸಣ್ಣ ಅಂಚು ಇಟ್ಟ. ನಾಣ್ಯ ಉರುಳುವಾಗ ಅದರ ಎರಡೂ ಮೈ ಆ ಅಂಚಿಗೆ ಉಜ್ಜಿ, ಸುಣ್ಣ, ಅರಿಶಿಣ, ಕೆಸರು ಏನಿದ್ದರೂ ಕೆಳಗೆ ಉದುರಿ, ಆಮೇಲೆ ನಾಲಿಗೆಗೆ ಬರುತ್ತದೆ. ಕೇಳಲಿಕ್ಕೆ ಇಷ್ಟೇ. ಮಾಡಲಿಕ್ಕೆ ಅವನಿಗೆ ಒಂದು ವರ್ಷದ ಮೇಲೆ ಹಿಡಿಯಿತು. ಹಲ್ಲು ಮೊಂಡಾದರೆ ಸುಣ್ಣ ಉಳಿಯುತ್ತದೆ, ಚೂಪಾದರೆ ನಾಣ್ಯವೇ ಸಿಕ್ಕಿಕೊಳ್ಳುತ್ತದೆ.

ಪೇಟೆಂಟ್ ಮಾತು ಎತ್ತಿದವಳು ನಾನು. ದೂರದ ಊರಿನ ಒಬ್ಬ ಯಂತ್ರದ ವ್ಯಾಪಾರಿ ಅಂಗಡಿಗೆ ಬಂದು ಹೊಸ ಗೇಟನ್ನು ಕೊಳ್ಳುವ ಮಾತಾಡುತ್ತ ಕಣ್ಣಲ್ಲೇ ಅಳತೆ ಹಿಡಿಯುತ್ತಿದ್ದುದನ್ನು ನೋಡಿದೆ. ಅಣ್ಣ ಮುಚ್ಚಳ ಬಿಚ್ಚಲು ಕೈ ಹಾಕಿದ್ದ. ಆ ಕೈ ಹಿಡಿದುಕೊಂಡು, ಅಂಗಡಿ ಮುಚ್ಚುವ ಹೊತ್ತಾಯಿತು ಎಂದು ಆ ಮನುಷ್ಯನನ್ನು ಮಟಮಟ ಮಧ್ಯಾಹ್ನದಲ್ಲಿ ಕಳಿಸಿದೆ. ಮುತ್ಯಾನ ಚೀಲ ಇನ್ನೊಬ್ಬರ ಹೆಸರಿಗೆ ಹೋದ ಹಾಗೆ ಈ ಗೇಟು ಹೋಗಬಾರದು, ಸರ್ಕಾರದ ಮುದ್ರೆಯ ಕಾಗದದ ಮೇಲೆ ಇದನ್ನು ಮಾಡಿದವನು ಖಂಡಪ್ಪ ಎಂದು ಬರಬೇಕು ಎನ್ನುವುದು ನನ್ನ ಹಟವಾಯಿತು. ಅಣ್ಣನಿಗೂ ಆಸೆ ಹುಟ್ಟಿತು. ಹೆಸರು ಕಾಗದದ ಮೇಲೆ ಹ್ಯಾಂಗ ಕಾಣ್ತದೋ ನೋಡೋಣು ಎಂದ.

ಯಾದಗಿರಿಯಲ್ಲಿ ಫರ್ಹೀನ್ ಎಂಬ ಹುಡುಗಿ ಇದ್ದಾಳೆ. ಎಂಜಿನಿಯರಿಂಗ್ ಓದಿ, ಪರೀಕ್ಷೆ ಕಟ್ಟಿ, ಪೇಟೆಂಟ್ ಏಜೆಂಟ್ ಆಗಿದ್ದಾಳೆ. ಅಪ್ಪನ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯೇ ಅವಳ ಆಫೀಸು. ಅವಳು ನಮ್ಮನ್ನು ಕೂರಿಸಿಕೊಂಡು ತಿಳಿಯ ಹೇಳಿದಳು. ಹೊಸದನ್ನು ಮಾಡಿದವರನ್ನು ಕೇಳದೆ ಕೆಲವು ವರ್ಷ ಬೇರೆ ಯಾರೂ ಅದನ್ನು ಮಾಡಿ ಮಾರುವಂತಿಲ್ಲ ಎಂದು ಸರ್ಕಾರ ಕೊಡುವ ಹಕ್ಕು ಅದು. ಆದರೆ ಅರ್ಜಿ ಹಾಕುವುದಕ್ಕಿಂತ ಮೊದಲು ಆ ವಸ್ತು ಜಗತ್ತಿಗೆ ಗೊತ್ತಿರಬಾರದು. ಈ ಗೇಟನ್ನು ಎಲ್ಲಿಯಾದರೂ ಮಾರಿದ್ದೀರಾ, ಹೊರಗೆ ಬಿಟ್ಟಿದ್ದೀರಾ ಎಂದು ಕೇಳಿದಳು. ಅಣ್ಣ ಎದೆ ಮುಟ್ಟಿಕೊಂಡು ಇಲ್ಲ ಎಂದ. ಅರ್ಜಿ ಹೋಗುವ ತನಕ ಯಾರಿಗೂ ತೋರಿಸಬೇಡಿ ಕಾಕಾ ಎಂದು ಅವಳು ತಾಕೀತು ಮಾಡಿದ ಆ ವಾರ ಅಣ್ಣ ಪಟ್ಟ ಸಂಕಟ ಹೆರಿಗೆ ನೋವಿಗೂ ಕಡಿಮೆಯಿಲ್ಲ. ಅಂಗಡಿಗೆ ಬಂದವರ ಮುಂದೆ ಬಾಯಿಗೆ ಟವೆಲು ಅಡ್ಡ ಹಿಡಿದು ಕೂರುತ್ತಿದ್ದನಂತೆ.

ಅರ್ಜಿ ಹೋಯಿತು. ಬಹಳ ತಿಂಗಳ ಮೇಲೆ ಚೆನ್ನೈನ ಕಚೇರಿಯಿಂದ ಪರೀಕ್ಷಾ ವರದಿ ಬಂತು. ಫರ್ಹೀನ್ ಫೋನು ಮಾಡಿ ನಮ್ಮಿಬ್ಬರನ್ನೂ ಬರಹೇಳಿದಳು. ನಾವು ಹೋದಾಗ ಕಂಪ್ಯೂಟರು ತೆರೆದು, ನಗಬೇಕೋ ಅಳಬೇಕೋ ತಿಳಿಯದ ಮುಖ ಮಾಡಿಕೊಂಡು ಕೂತಿದ್ದಳು. ಪರೀಕ್ಷೆ ಮಾಡಿದ ಅಧಿಕಾರಿ ನಮ್ಮ ಗೇಟಿಗೆ ಹೋಲುವಂಥದ್ದು ಮೊದಲೇ ಇದೆಯೇ ಎಂದು ಹುಡುಕಿದ್ದರು. ವಿದೇಶದ ಹಳೆಯ ಒಂದೆರಡು ದಾಖಲೆ ಸಿಕ್ಕಿದ್ದವು, ಅವು ದೂರದ ನೆಂಟರು. ಆದರೆ ತೂಗುವ ನಾಲಿಗೆ, ತಂತಿ, ವಾಲ್ವು, ಎಲ್ಲ ಯಥಾವತ್ತು ಇರುವ ಇನ್ನೊಂದು ಗೇಟು ಸಿಕ್ಕಿತ್ತು. ಅದರ ಮೇಲೆ ಕೆಂಪು ಅಕ್ಷರದಲ್ಲಿ ಮಾಡಿದವನ ಹೆಸರು, ಊರು, ತಾರೀಖು ಎಲ್ಲ ಸ್ಪಷ್ಟವಾಗಿತ್ತು. ಖಂಡಪ್ಪ, ಶಹಾಪುರ, ಇವರ ಸೇವೆ.

ತಿಮ್ಮಣ್ಣನ ವಿಡಿಯೋ. ಅದರಲ್ಲಿ ಡಬ್ಬಿಯ ಹೊರಮೈ ಅಷ್ಟೇ ಇದ್ದಿದ್ದರೆ ಏನಾದರೂ ವಾದ ಮಾಡಬಹುದಿತ್ತಂತೆ. ಆದರೆ ನಮ್ಮ ಪುಣ್ಯಾತ್ಮ ಅವತ್ತು ಮುಚ್ಚಳ ಬಿಚ್ಚಿ, ಕ್ಯಾಮೆರಾದ ಕಡೆ ತಿರುಗಿಸಿ, ಒಂದೊಂದು ಭಾಗವನ್ನೂ ಬೆರಳಿಟ್ಟು ತೋರಿಸಿ, ತಿಮ್ಮಣ್ಣನಿಗೆ ತಿಳಿಯಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ್ದ. ಜಗತ್ತಿನ ಯಾವ ಮೂಲೆಯವರಾದರೂ ನೋಡಿಕೊಂಡು ಮಾಡಬಹುದಾದಷ್ಟು ಅಚ್ಚುಕಟ್ಟಾಗಿ. ಖಂಡಪ್ಪನ ಅರ್ಜಿಗೆ ಅಡ್ಡ ಬಂದವನು ಖಂಡಪ್ಪನೇ.

ಹೊರಗೆ ಬಿಟ್ಟಿಲ್ಲ ಅಂದಿರಲ್ಲ ಕಾಕಾ ಎಂದು ಫರ್ಹೀನ್ ಕೇಳಿದಳು. ಅಣ್ಣನಿಗೆ ಅವಳ ಪ್ರಶ್ನೆಯೇ ವಿಚಿತ್ರವೆನಿಸಿತು.

"ಮಾರಿಲ್ಲ ಯವ್ವಾ, ಕೊಟ್ಟೀನಿ. ಸೇವಾ ಮಾಡಿದ್ದು ಹೊರಗ ಬಿಟ್ಟಂಗ ಹ್ಯಾಂಗ ಆಗ್ತದ?"

ನನಗೆ ಬಂದ ಸಿಟ್ಟು ಯಾದಗಿರಿಯ ಬಿಸಿಲಿಗೆ ಸಮ. ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಆದರೆ ಒಳಗೊಳಗೇ ನನಗೂ ಗೊತ್ತಿತ್ತು, ಆ ಜಯಂತಿಯ ದಿನ ನಾನೂ ಅಲ್ಲೇ ಇದ್ದೆ, ಫರ್ಹೀನ್ ಕೇಳಿದಾಗ ನನಗೂ ಆ ಡಬ್ಬಿ ನೆನಪಾಗಿರಲಿಲ್ಲ. ಮೊದಲನೆಯದು ಊರಿನದು. ಅದನ್ನು ನಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫರ್ಹೀನ್ ವಾರಗಟ್ಟಲೆ ಕೂತು ಉತ್ತರ ಬರೆದಳು. ಅವಳು ಹಿಡಿದ ದಾರಿ ಒಂದೇ. ವಿಡಿಯೋದ ಗೇಟಿನಲ್ಲಿ ಇಲ್ಲದೆ ಹೊಸ ಗೇಟಿನಲ್ಲಿ ಇರುವುದು ಏನು? ಸುಣ್ಣ ಉಜ್ಜುವ ಹಲ್ಲಿನ ಅಂಚು. ಮೊದಲು ಒರೆಸಿ ಆಮೇಲೆ ತೂಗುವ ಕ್ರಮ. ಉಳಿದದ್ದೆಲ್ಲ ಕೈಬಿಟ್ಟು ಅದೊಂದನ್ನು ಉಳಿಸಿಕೊಳ್ಳಬೇಕು. ಆನೆ ಹೋಗಿ ಬಾಲ ಉಳಿಯಿತಲ್ಲ ಎಂದೆ. ಈ ಬಾಲದಲ್ಲೇ ಆನೆ ಇದೆ ಅಕ್ಕಾ ಎಂದಳು ಅವಳು.

ಅಧಿಕಾರಿಯ ಮುಂದೆ ವಿಚಾರಣೆ ಕಂಪ್ಯೂಟರಿನಲ್ಲೇ ನಡೆಯಿತು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಗೇಟನ್ನು ಮಾನಮ್ಮ ಅತ್ತಿಗೆಯ ಊಟದ ತಾಟಿನಲ್ಲಿಟ್ಟುಕೊಂಡು ಬಂದಿದ್ದ. ಪರದೆಯ ಮೇಲೆ ಕಾಣಿಸಿದ ಅಧಿಕಾರಿ ನರೆತ ಕೂದಲಿನ, ನಿಧಾನ ಮಾತಿನ ಮನುಷ್ಯ. ಅವರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ಫರ್ಹೀನ್ ನಮಗೆ ಕನ್ನಡದಲ್ಲಿ ಹೇಳಿ, ಅಣ್ಣನ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಹಳೆಯ ಗೇಟಿಗೂ ಇದಕ್ಕೂ ವ್ಯತ್ಯಾಸ ತೋರಿಸಿ ಎಂದರು. ಅಣ್ಣನ ಜೀವಮಾನದಲ್ಲಿ ಇಷ್ಟು ದೊಡ್ಡ ಮನುಷ್ಯರೊಬ್ಬರು ಒಳಗೆ ಹೇಗೆ ನಡೆಯುತ್ತದೆ ಎಂದು ತಾವಾಗಿಯೇ ಕೇಳಿದ್ದು ಅದೇ ಮೊದಲು. ಅವನ ಮುಖ ನೋಡಬೇಕಿತ್ತು. ಸುಣ್ಣ ಹಚ್ಚಿದ ನಾಣ್ಯ ಬಿಟ್ಟ. ಕರ್ ಎಂದು ಉಜ್ಜಿದ ಸದ್ದು, ಬಿಳಿ ಪುಡಿ ತಾಟಿಗೆ ಉದುರಿತು, ನಾಲಿಗೆ ಬಾಗಿತು. ಅಧಿಕಾರಿ ಇನ್ನೊಮ್ಮೆ ಮಾಡಿಸಿ ನೋಡಿದರು. ಹಳೆಯ ದಾಖಲೆಗಳಲ್ಲಿ ಈ ಕ್ರಮ ತಮಗೆ ಎಲ್ಲೂ ಕಂಡಿಲ್ಲ, ಹಕ್ಕನ್ನು ಇಷ್ಟಕ್ಕೇ ಸೀಮಿತ ಮಾಡಿ ಬರೆದುಕೊಟ್ಟರೆ ಪರಿಗಣಿಸಬಹುದು ಎಂದರು. ಫರ್ಹೀನ್ ಮೇಜಿನ ಕೆಳಗೆ ನನ್ನ ಕೈ ಹಿಡಿದು ಒತ್ತಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಅಣ್ಣ ಮುಗಿಸಲಿಲ್ಲ.

"ಒರಸೋ ಬುದ್ಧಿ ನಂದಲ್ರಿ ಸಾಹೇಬ್ರ. ಅದು ನಮ್ಮೂರ ಗೊಲ್ಲಾಳಮ್ಮ ಹೇಳಿದ್ದು. ಹಲ್ಲಷ್ಟ ನಂದು."

ಫರ್ಹೀನ್ ಬಾಯಿ ತೆರೆದವಳು ಹಾಗೇ ನಿಂತಳು. ಆ ಮಾತನ್ನು ಇಂಗ್ಲಿಷಿಗೆ ತಿರುಗಿಸದಿದ್ದರೆ ಅಧಿಕಾರಿಗೆ ಅದು ಗಾಳಿಯ ಸದ್ದು. ತಿರುಗಿಸದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಣ್ಣನ ತೊಡೆಗೆ ಬಲವಾಗಿ ಚಿವುಟಿದೆ. ಅವನು ಎಲ್ಲರಿಗೂ ಕೇಳುವಂತೆ, ಯಾಕ ಚಿವುಟಾಕತ್ತಿ ಪಂಚಿ ಎಂದು ಕೇಳಿ, ಫರ್ಹೀನಳ ಕಡೆ ತಿರುಗಿ, ಗೊಲ್ಲಾಳಮ್ಮಂದೂ ಹೇಳವಾ ಎಂದ. ಅವಳು ಸುಮ್ಮನಿದ್ದುದನ್ನು ನೋಡಿ ತಾನೇ ಪರದೆಯ ಹತ್ತಿರ ಬಗ್ಗಿ, ಗೊಲ್ಲಾಳಮ್ಮ, ಗೊಲ್ಲಾಳಮ್ಮ ಎಂದು ಎರಡು ಸಲ ಬಿಡಿಸಿ ಹೇಳಿದ. ಅಧಿಕಾರಿ ಕನ್ನಡಕ ತೆಗೆದು, ಯಾರು ಈ ಗೊಲ್ಲಾಳಮ್ಮ ಎಂದು ಕೇಳಿದರು. ಇನ್ನು ಫರ್ಹೀನ್ ಹೇಳದೆ ವಿಧಿಯಿರಲಿಲ್ಲ.

ಅಧಿಕಾರಿ ಸಿಟ್ಟಾಗಲಿಲ್ಲ. ಅರ್ಜಿಯಲ್ಲಿ ಖಂಡಪ್ಪ ಒಬ್ಬರೇ ಸಂಶೋಧಕರು ಎಂದು ಬರೆದಿದ್ದೀರಿ, ಈಗ ಇನ್ನೊಬ್ಬರ ಹೆಸರು ಹೇಳುತ್ತಿದ್ದೀರಿ, ಯಾವುದು ನಿಜವೋ ಅದನ್ನು ತೀರ್ಮಾನಿಸಿ ಬರೆದು ಕಳಿಸಿ, ಅದು ಬರುವ ತನಕ ಮುಂದುವರಿಯುವುದಿಲ್ಲ ಎಂದು ಹೇಳಿ ಮುಗಿಸಿದರು.

ಮೆಟ್ಟಿಲಿಳಿಯುವಾಗ ಫರ್ಹೀನ್ ಎರಡು ದಾರಿ ಹೇಳಿದಳು. ಒಬ್ಬ ಹೆಂಗಸು ನಾಣ್ಯ ಉಜ್ಜಿದ್ದನ್ನು ನೋಡಿದೆ, ಯಂತ್ರ ಮಾಡಿದ್ದು ನಾನೇ ಎಂದು ಬರೆಯಬಹುದು. ಅದು ಸುಳ್ಳೇನಲ್ಲ, ಒಪ್ಪಿದರೂ ಒಪ್ಪಬಹುದು. ಇಲ್ಲವಾದರೆ ಗೊಲ್ಲಾಳಮ್ಮನ ಹೆಬ್ಬೆಟ್ಟು ಒತ್ತಿಸಿ ಅವಳನ್ನೂ ಸಂಶೋಧಕಿ ಎಂದು ಸೇರಿಸಬೇಕು. ಹಕ್ಕು ನಿಮ್ಮ ಹೆಸರಿಗೇ ಇರುವಂತೆ ಅವಳಿಂದ ಬರೆಸಿಕೊಳ್ಳಬಹುದು, ಆದರೆ ಕಾಗದದ ಮೇಲೆ ಹೆಸರು ಎರಡು ಬರುತ್ತವೆ.

ಯಾದಗಿರಿಯ ಬಸ್ ನಿಲ್ದಾಣದ ಎದುರು ಭಜಿ ಅಂಗಡಿಯಲ್ಲಿ ಕೂತು ನಾವಿಬ್ಬರೂ ಜಗಳವಾಡಿದೆವು. ಜಗಳವಾಡಿದವಳು ನಾನು, ಅವನು ಭಜಿ ತಿಂದ. ಮುತ್ಯಾನ ಕಾಲದಿಂದ ಒಂದು ಹೆಸರಿಗೆ ಕಾದಿದ್ದೇವೆ, ಇನ್ನೇನು ಬಂತು ಅನ್ನುವಾಗ ಅದರ ಪಕ್ಕಕ್ಕೆ ಆ ಮನೆಯವಳನ್ನೇ ಕೂರಿಸುತ್ತೀಯಲ್ಲ, ಅವ್ವನನ್ನು ಕಟ್ಟೆ ಹತ್ತಲು ಬಿಡದವಳನ್ನು ಎಂದು ಕೇಳಿದೆ. ಅವನು ಕೈ ಒರೆಸಿಕೊಂಡ. ಯಾವತ್ತೂ ಮಾತು ಉದ್ದ ಮಾಡುವವನು ಅವತ್ತು ಗಿಡ್ಡ ಮಾಡಿದ.

"ಮುತ್ಯಾನ ಚೀಲದಾಗ ನೀರು ಕುಡದು ಅವ್ರು ಮುತ್ಯಾನ ಹೆಸರ ಹೇಳ್ಲಿಲ್ಲ ಅಂತ ಇಷ್ಟ ವರ್ಷ ಉರೀಲಿಕತ್ತಿ. ಈಗ ಅದನ್ನ ನಾ ಮಾಡ್ಲೇನು?"

ಜಗಳ ಸೋತಾಗ ನನಗೆ ಸಿಟ್ಟು ಇನ್ನೂ ಜಾಸ್ತಿ. ಸುರಪುರದ ಬಸ್ಸಿಗೆ ಅವನಿಗೆ ಹೇಳದೆ ಹತ್ತಿ ಕೂತೆ. ಬಸ್ಸು ಹೊರಡುವಾಗ ಅವನು ಕಿಟಕಿಯಿಂದ ಉಳಿದ ಭಜಿಯ ಪೊಟ್ಟಣ ಒಳಗೆ ತೂರಿಸಿದ. ಭೀಮಾ ಸೇತುವೆ ದಾಟಿದ ಮೇಲೆ ಬಿಚ್ಚಿ ತಿಂದೆ. ಅದರ ಮೇಲೆಯೇ ಅತ್ತೆ. ನಮ್ಮಣ್ಣನಂಥ ಮನುಷ್ಯ ಈ ನೆಲದ ಮೇಲೆ ಇನ್ನೊಬ್ಬನಿಲ್ಲ ಎಂದು ನನಗೆ ಮೊದಲೂ ಗೊತ್ತಿತ್ತು, ಅವತ್ತು ಅದು ಎದೆಗೆ ನಾಟಿತು.

ಗೊಲ್ಲಾಳಮ್ಮ ಹೆಬ್ಬೆಟ್ಟು ಒತ್ತಿದಳು. ರೊಕ್ಕ ಗಿಕ್ಕ ಬೇಡ, ನನ್ನ ನಾಣ್ಯ ವಾಪಸು ಬರದಿದ್ದರೆ ಸಾಕು ಎಂದಳಂತೆ. ಫರ್ಹೀನ್ ಎಲ್ಲ ಬರೆದು ಕಳಿಸಿದಳು. ಮತ್ತೆ ಕಾಯುವುದು. ಮಳೆಗಾಲ ಹೋಗಿ ಜೋಳದ ರಾಶಿಯ ಕಾಲ ಬಂದಾಗ ಪೇಟೆಂಟ್ ಮಂಜೂರಾಯಿತು.

ಹೊಸ ಗೇಟನ್ನು ರಾಮಸಮುದ್ರದ ಪ್ಲಾಂಟಿಗೆ ಕೂರಿಸುವ ದಿನ ನಾನೂ ಹೋದೆ. ಇದರಲ್ಲೂ ಮೊದಲನೆಯದು ಊರಿಗೇ. ಪೇಂಟರಿಗೆ ಈ ಸಲ ಬರೆಯಲು ಎರಡು ಹೆಸರು. ಕೆಂಪು ಬಣ್ಣ ಇನ್ನೂ ಹಸಿಯಿತ್ತು. ಗೊಲ್ಲಾಳಮ್ಮ ಕೊಡ ಹಿಡಿದು ಬಂದಳು, ಓದಲು ಬರದವಳು, ಅಕ್ಷರದ ಮುಂದೆ ನಿಂತು ಓದಿ ಹೇಳ್ರಿ ಅಕ್ಕೋರ ಎಂದು ನನ್ನನ್ನು ಕೇಳಿದಳು. ಟೀಚರುಗಳನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಓದಿದೆ. ಮೊದಲು ಖಂಡಪ್ಪ, ಕೆಳಗೆ ಗೊಲ್ಲಾಳಮ್ಮ.

"ನಮ್ಮತ್ತಿ ಇದ್ದಿದ್ರ ಈ ಡಬ್ಬಿ ಒಡದು ಹಾಕ್ತಿದ್ಲು" ಅಂದಳು. ಆಮೇಲೆ ಅಣ್ಣನ ಕಡೆ ತಿರುಗಿ, "ಚಲೋ ಕಾಣ್ತದ ಖಂಡಪ್ಪ" ಅಂದಳು. ಖಂಡ್ಯಾ ಅನ್ನಲಿಲ್ಲ.

ಸಂಚಿ ಬಿಚ್ಚಿ, ಬೆಳ್ಳಗೆ ಸುಣ್ಣ ಹಿಡಿದ ನಾಣ್ಯವನ್ನು ಒರೆಸದೆ ಹಾಗೇ ಹಾಕಿದಳು. ಕರ್ ಎಂದಿತು, ಟಣ್ ಎಂದಿತು, ನೀರು ಬಂತು. ಕೊಡ ತುಂಬಿತು. ಬಗ್ಗಿ ಎತ್ತಲು ನೋಡಿದಳು, ಮೊಣಕಾಲು ಕೇಳಲಿಲ್ಲ. ಸುತ್ತ ನೋಡಿದಳು. ಅಣ್ಣ ಆಗಲೇ ಮುಚ್ಚಳ ಬಿಚ್ಚಿ ತಿಮ್ಮಣ್ಣನಿಗೆ ಹಲ್ಲಿನ ಅಂಚು ತೋರಿಸುತ್ತಿದ್ದ, ಅವನಿಗೆ ಜಗತ್ತಿನ ಮೇಲೆ ಗಮನವಿರಲಿಲ್ಲ. ಹತ್ತಿರ ಇದ್ದವಳು ನಾನೊಬ್ಬಳೇ.

"ಕೊಡ ಎತ್ತಿ ಕೊಡ್ರಿ ಅಕ್ಕೋರ."

ಆ ಮನೆಯ ಕೊಡಕ್ಕೆ ನಮ್ಮವ್ವನ ಕೈ ತಾಗಿದ್ದರೆ ಅದನ್ನು ಬೆಂಕಿಗೆ ಹಿಡಿದು ಒಳಗೆ ಒಯ್ಯುತ್ತಿದ್ದರು. ನಾನು ಕೂಡಲೇ ಹೋಗಲಿಲ್ಲ. ನಿಂತೆ. ನಮ್ಮವ್ವ ಬಿಸಿಲಲ್ಲಿ ನಿಂತಷ್ಟು ಹೊತ್ತಲ್ಲ, ಆದರೂ ನಿಂತೆ. ಗೊಲ್ಲಾಳಮ್ಮನೂ ತುಂಬಿದ ಕೊಡದ ಪಕ್ಕ ಸುಮ್ಮನೆ ನಿಂತಳು, ಇನ್ನೊಮ್ಮೆ ಕರೆಯಲಿಲ್ಲ. ಯಾಕೆ ಕಾಯಿಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು ಅನಿಸುತ್ತದೆ. ಆಮೇಲೆ ಹೋಗಿ ಕೊಡದ ಕಂಠ ಹಿಡಿದು ಎತ್ತಿ ಅವಳ ಸೊಂಟಕ್ಕೆ ಇಟ್ಟೆ. ನೀರು ತುಳುಕಿ ಇಬ್ಬರ ಸೆರಗೂ ತೊಯ್ದಿತು.

"ಪಂಚಿ, ಸುಣ್ಣ ಹ್ಯಾಂಗ ಉದುರಿತು ನೋಡಿದೇನು?" ಎಂದು ಅಣ್ಣ ಡಬ್ಬಿಯೊಳಗೆ ತಲೆ ಹಾಕಿಕೊಂಡೇ ಕೂಗಿದ.

ನೋಡಿದೆ ಎಂದೆ.